ಡ್ರೈವರಿಲ್ಲದ ಕಾರಿನ ಡ್ರೈವರು

ಅವಳನ್ನು ಎಲ್ಲರೂ ಬ್ರೇಕಕ್ಕ ಅಂತಲೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಅವಳು ಅರ್ಧ ಆಯುಷ್ಯ ಕಳೆದಿದ್ದಳು. ಅವಳ ಹತ್ತಿರ ಕಲಿತವರು ಈಗ ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಓಡಾಡುತ್ತಾರೆ. ಎದುರಿಗೆ ಅವಳು ಕಂಡರೆ ಸಾಕು, ತಮಗೇ ಗೊತ್ತಾಗದ ಹಾಗೆ ವೇಗ ತಗ್ಗಿಸುತ್ತಾರೆ.

ಆಳು ಕುಳ್ಳಿ. ಬೆನ್ನಿಗೊಂದು ದಿಂಬು, ಕೆಳಗೊಂದು ದಿಂಬು ಇಲ್ಲದೆ ಅವಳಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಸ್ಕೂಲಿನ ಯಜಮಾನರಿಗೆ ವಯಸ್ಸಾಗಿ ಬಾಗಿಲು ಹಾಕಿದ ಮೇಲೆ ಕೆಲವು ತಿಂಗಳು ಮನೆಯಲ್ಲಿ ಕೂತಳು. ಕೂತಲ್ಲಿ ಕೂರುವ ಜಾಯಮಾನವಲ್ಲ. ಮಾವ ಪೇಪರ್ ಓದುವಾಗ ಪುಟ ತಿರುಗಿಸುವುದು ತಡವಾದರೂ ಅವಳಿಗೆ ಚಡಪಡಿಕೆ. ಆಗ ಬಂದವಳು ಸಂಶೋಧಕಿ. ಹಿಂದೆ ಅವಳ ಹತ್ತಿರವೇ ಕಾರು ಕಲಿತ ಹುಡುಗಿ, ಈಗ ಸಂಚಾರ ಸಂಶೋಧನಾ ಕೇಂದ್ರದಲ್ಲಿ ದೊಡ್ಡ ಕೆಲಸದಲ್ಲಿದ್ದಳು.

"ಅಕ್ಕ, ನಿಮ್ಮಷ್ಟು ನಯವಾಗಿ ಬ್ರೇಕ್ ಹಾಕೋರು ಬೇಕಾಗಿದ್ದಾರೆ. ಜೊತೆಗೆ..." ಅಂತ ತಡವರಿಸಿದಳು.

"ಜೊತೆಗೆ ಏನು, ಹೇಳು."

"ಸ್ವಲ್ಪ ಕುಳ್ಳಗೂ ಇರ್ಬೇಕು."

ಕೆಲಸ ಇಷ್ಟು. ತಾವೇ ಓಡುವ ಕಾರುಗಳು ರಸ್ತೆಗೆ ಬಂದರೆ ನಡೆದು ಹೋಗುವ ಜನ ಅವುಗಳ ಮುಂದೆ ಹೇಗೆ ವರ್ತಿಸುತ್ತಾರೆ ಎನ್ನುವುದನ್ನು ತಿಳಿಯಬೇಕು. ಆದರೆ ನಿಜವಾದ ಅಂಥ ಕಾರನ್ನು ಜನರ ನಡುವೆ ಬಿಡುವಷ್ಟು ಧೈರ್ಯ ಇನ್ನೂ ಯಾರಿಗೂ ಇರಲಿಲ್ಲ. ಅದಕ್ಕೇ ಒಂದು ನಾಟಕ. ಡ್ರೈವರ್ ಸೀಟಿನ ಹಾಗೇ ಕಾಣುವ ಒಂದು ದೊಡ್ಡ ಗವಸು ಹೊಲಿಸಿದ್ದರು. ಅದರೊಳಗೆ ಒಬ್ಬರು ಕೂತು, ತಲೆಯ ಭಾಗದಲ್ಲಿರುವ ಜಾಲರಿಯಿಂದ ನೋಡುತ್ತಾ, ಕೆಳಗಿನ ಸೀಳುಗಳಿಂದ ಕೈ ತೂರಿಸಿ ಸ್ಟಿಯರಿಂಗಿನ ಬುಡ ಹಿಡಿದು ಓಡಿಸಬೇಕು. ಹೊರಗಿನವರ ಕಣ್ಣಿಗೆ ಅದು ಖಾಲಿ ಸೀಟು.

"ಅಂದ್ರೆ ನಾನು ಸೀಟಾಗ್ಬೇಕು" ಅಂದಳು ಬ್ರೇಕಕ್ಕ.

"ಹೂಂ ಅಕ್ಕ. ಆದ್ರೆ ಕಾರು ಓಡಿಸೋ ಬೀದಿಯವರಿಗೆ ಗೊತ್ತಾದ್ರೆ ಎಲ್ಲಾ ನೀರಲ್ಲಿ ಹೋಮ. ಅಧ್ಯಯನ ಮುಗಿಯೋ ತನಕ ಮನೇಲೂ ಬಾಯಿ ಬಿಡಬೇಡಿ."

ಮನೆಯಲ್ಲಿ ಅವಳು ಕೇಂದ್ರದಲ್ಲಿ ಡ್ರೈವರ್ ಕೆಲಸ ಸಿಕ್ಕಿತು ಅಂತಷ್ಟೇ ಹೇಳಿದಳು. ಸುಳ್ಳೇನೂ ಅಲ್ಲವಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗವಸಿನೊಳಗೆ ಕುದಿಯುವ ಸೆಕೆ. ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದಳು. ಕಾರಿನ ಮುಂಭಾಗದಲ್ಲಿ ಒಂದು ದೀಪದ ಪಟ್ಟಿ. ಕಾರು ನಿಲ್ಲುವಾಗ ಅದು ಹಸಿರಾಗಿ ಮಿನುಗುತ್ತಿತ್ತು. ಸಂಶೋಧಕಿ, ಜನ ರಸ್ತೆ ದಾಟುವ ಪಟ್ಟೆಯ ಎದುರಿನ ಕಟ್ಟಡದ ಮಹಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತು, ಬ್ರೇಕಕ್ಕನ ಕಿವಿಗಿಟ್ಟ ಯಂತ್ರದ ಮೂಲಕ ಮಾತಾಡುತ್ತಿದ್ದಳು. ಬ್ರೇಕಕ್ಕನಿಗೆ ಕಷ್ಟವಾದದ್ದು ಸೆಕೆಯಲ್ಲ, ಸುಮ್ಮನಿರುವುದು. ಇಷ್ಟು ವರ್ಷ ಎದುರು ಬಂದವರಿಗೆ ತಲೆಯಾಡಿಸಿ, ಕೈಬೀಸಿ, ಹುಬ್ಬೇರಿಸಿ ಮಾತಾಡಿಸಿಕೊಂಡೇ ಗಾಡಿ ಓಡಿಸಿದವಳು. ಈಗ ಯಾರಾದರೂ ಪಟ್ಟೆಯ ಮೇಲೆ ಕಾಲಿಟ್ಟರೆ, "ಹೋಗಮ್ಮ ಹೋಗು" ಎನ್ನುವ ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿಯಬೇಕಾಗುತ್ತಿತ್ತು.

ಜನ ಅವಳು ಅಂದುಕೊಂಡಷ್ಟು ಬೆಚ್ಚಲಿಲ್ಲ. ಹೆಚ್ಚಿನವರು ಚಕ್ರ ನಿಧಾನವಾಗುವುದನ್ನು ನೋಡಿ ತಮ್ಮ ಪಾಡಿಗೆ ದಾಟುತ್ತಿದ್ದರು. ಅರ್ಧ ದಾರಿಯಲ್ಲಿ ಖಾಲಿ ಸೀಟು ಕಣ್ಣಿಗೆ ಬಿದ್ದು ಹೆಜ್ಜೆ ಚುರುಕಾಗುತ್ತಿತ್ತು, ಅಷ್ಟೇ. ಕೆಲವರು ಫೋಟೋ ತೆಗೆದರು. ಒಬ್ಬ ಗಂಭೀರ ಮನುಷ್ಯ ಗಾಜಿನ ಹತ್ತಿರ ಬಗ್ಗಿ ಮೀಸೆ ಸರಿಮಾಡಿಕೊಂಡ. ಕೈಚೀಲ ಹಿಡಿದ ಹೆಂಗಸೊಬ್ಬಳು ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಾರಿಗೆ ನಾಲಿಗೆ ಚಾಚಿ ಹೋದಳು. ಒಳಗೆ ಬ್ರೇಕಕ್ಕ ನಗು ತಡೆಯಲಾರದೆ ಅಲುಗಾಡಿದಾಗ ಕಿವಿಯಲ್ಲಿ ಸಂಶೋಧಕಿ, "ಅಕ್ಕ, ಸೀಟು ಕುಲುಕ್ತಾ ಇದೆ" ಅಂದಳು.

ಒಂದು ಬೆಳಿಗ್ಗೆ ಆ ಪಟ್ಟೆಯ ಅಂಚಿಗೆ ಬಂದು ನಿಂತವರು ಅವಳ ಮಾವ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾದರೂ ಗತ್ತು ಹೋಗಿರಲಿಲ್ಲ. ಊಟಕ್ಕೆ ಎಲ್ಲರೂ ಕೂತಾಯಿತೇ ಅಂತ ಒಮ್ಮೆ ಕಣ್ಣಾಡಿಸಿ "ರೈಟ್" ಅಂದ ಮೇಲೆಯೇ ಮನೆಯಲ್ಲಿ ತುತ್ತು ಎತ್ತುವುದು. ದಿನವೂ ಅವರು ಹೋಗುತ್ತಿದ್ದ ವಾಚನಾಲಯ ಬೇರೆ ದಾರಿಯಲ್ಲಿತ್ತು. ಅವತ್ತು ಚಪ್ಪಲಿ ಹೊಲಿಸಲು ಈ ಕಡೆ ಬಂದಿದ್ದರು.

ಕಾರು ನಯವಾಗಿ ನಿಂತಿತು, ದೀಪ ಹಸಿರಾಗಿ ಮಿನುಗಿತು. ಮಾವ ದಾಟಲಿಲ್ಲ. ಬಗ್ಗಿ ಡ್ರೈವರ್ ಸೀಟನ್ನು ನೋಡಿದರು. ಹಿಂದಿನ ಸೀಟನ್ನೂ ನೋಡಿದರು. ಆಮೇಲೆ ಬಸ್ಸನ್ನು ಬಿಡುವ ಹಾಗೆ ಕೈಬೀಸಿ, ಹೋಗು ಅಂದರು. ಕಾರು ಹೋಗಲಿಲ್ಲ, ಜನ ದಾಟುವ ತನಕ ನಿಲ್ಲಬೇಕೆಂಬುದೇ ನಿಯಮ. ಮಾವ ಮತ್ತೆ ಕೈಬೀಸಿದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾ, ಮಾವ ಸೊಸೆ ಎದುರುಬದುರು ನಿಂತೇ ಇದ್ದರು.

ಕೊನೆಗೆ ಮಾವ ಮನಸ್ಸು ಗಟ್ಟಿ ಮಾಡಿ ರಸ್ತೆಗಿಳಿದರು. ಅವರ ಕಣ್ಣು ಖಾಲಿ ಸೀಟಿನ ಮೇಲೇ ನೆಟ್ಟಿತ್ತು. ಅದೇ ಹೊತ್ತಿಗೆ, ಕಾದು ಸಾಕಾದ ಒಂದು ಬೈಕು ಸಾಲಿನಿಂದ ತಪ್ಪಿಸಿಕೊಂಡು ಕಾರಿನ ಪಕ್ಕದಿಂದ ಮುನ್ನುಗ್ಗಿದ್ದು ಬ್ರೇಕಕ್ಕನಿಗೆ ಕನ್ನಡಿಯಲ್ಲಿ ಕಂಡಿತು. ನಿಯಮ ಗಿಯಮ ಯಾವುದೂ ನೆನಪಾಗಲಿಲ್ಲ. ಸೀಳಿನಿಂದ ಬಲಗೈಯನ್ನು ಪೂರ್ತಿ ಹೊರಗೆ ಎತ್ತಿ, ಅಂಗೈ ಅಗಲಿಸಿ, ನಿಲ್ಲಿ ಅಂತ ತೋರಿಸಿದಳು.

ಮಾವ ನಿಂತಲ್ಲೇ ಕಲ್ಲಾದರು. ಬೈಕು ಅವರ ಅಂಗಿಗೆ ಗಾಳಿ ಬೀಸಿ ಹೋಯಿತು. ಅವರು ಬೈಕನ್ನು ನೋಡಲೂ ಇಲ್ಲ. ಕೈ ಬಂದಿದ್ದ ಸೀಟನ್ನೇ ನೋಡುತ್ತಾ ಹಿಂದೆ ಹಿಂದೆ ಸರಿದು, ಹೊಲಿಯದ ಚಪ್ಪಲಿಯಲ್ಲೇ ಮನೆಯ ದಾರಿ ಹಿಡಿದರು.

ಸಂಶೋಧಕಿ ಬೈಯಲಿಲ್ಲ. "ಒಳ್ಳೇದು ಮಾಡಿದ್ರಿ ಅಕ್ಕ. ಆ ಸುತ್ತನ್ನ ಲೆಕ್ಕದಿಂದ ತೆಗೀತೀನಿ. ಆ ಹಿರಿಯರು ಯಾರೋ ಗೊತ್ತಿದ್ರೆ ವಿಚಾರಿಸ್ಕೋಬಹುದಿತ್ತು."

ಅದು ತನ್ನ ಮಾವ ಅಂತ ಬ್ರೇಕಕ್ಕ ಹೇಳಲಿಲ್ಲ. ನಾಟಕ ಕೆಟ್ಟರೆ ತನ್ನಿಂದ ಕೆಟ್ಟಿತು ಅನ್ನಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಸಂಜೆ ಮಾವ ಮಗನೆದುರು ನಡೆದದ್ದನ್ನೆಲ್ಲ ಹೇಳಿದರು. ಮಗನದು ಕನ್ನಡಕದ ಅಂಗಡಿ. ಮಾತು ಕಡಿಮೆ, ಸಹನೆ ಜಾಸ್ತಿ.

"ಸೀಟೇ ಕೈ ತೋರಿಸ್ತಾ ಅಪ್ಪಾ?"

"ಸೀಟೇ. ನಿಲ್ಲು ಅಂತು, ನಿಂತೆ. ಇಲ್ದಿದ್ರೆ ಈಗ ನಿನ್ನ ಮುಂದೆ ಕೂತಿರ್ತಿರ್ಲಿಲ್ಲ."

ಮರುದಿನ ಮಗ ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿದ. ಮನೆಗೆ ಬಂದು ಅಡುಗೆಮನೆಯಲ್ಲಿ ಹೆಂಡತಿಗೆ ಮೆಲ್ಲಗೆ ಹೇಳಿದ: "ಕಣ್ಣು ಚೆನ್ನಾಗೇ ಇದೆ. ಅದಕ್ಕೇ ಭಯ ಆಗ್ತಿದೆ ನೋಡು."

ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುತ್ತಾ ಬ್ರೇಕಕ್ಕ ದಿನ ದೂಡಿದಳು. ಅಷ್ಟರಲ್ಲಿ ಮಾವನ ಗತ್ತು ಸದ್ದಿಲ್ಲದೆ ಇಳಿಯಿತು. ವಾಚನಾಲಯಕ್ಕೆ ಹೋಗುವುದು ನಿಂತಿತು. ಊಟಕ್ಕೆ ಕೂತರೆ "ರೈಟ್" ಇಲ್ಲ. ಬಡಿಸಿದ್ದನ್ನು ತಿಂದು ಏಳುತ್ತಿದ್ದರು. ಮಗ ಮಾತಿನ ನಡುವೆ ನರರೋಗದ ಡಾಕ್ಟರ ಹೆಸರು ಎತ್ತಿದಾಗ ಮಾವ ಜಗಳಾಡಲಿಲ್ಲ, ಆಗಲಿ ಅಂದುಬಿಟ್ಟರು. ಮಾರನೆಯ ದಿನ ಬ್ರೇಕಕ್ಕ ಕೆಲಸಕ್ಕೆ ಹೊರಟಾಗ ಅವರು ಹಜಾರದ ಮೂಲೆಯಲ್ಲಿ ನಿಂತು, ಖಾಲಿ ಕುರ್ಚಿಯೊಂದನ್ನು ಸುಮ್ಮನೆ ನೋಡುತ್ತಿದ್ದರು. ನೋಡಿ, ಅದರ ಬೆನ್ನನ್ನು ಬೆರಳಿನಿಂದ ಮುಟ್ಟಿದರು.

ಅವಳು ಮೆಟ್ಟಿಲ ಮೇಲೇ ನಿಂತು ಸಂಶೋಧಕಿಗೆ ಫೋನ್ ಮಾಡಿದಳು. ಆ ಹಿರಿಯರು ನನ್ನ ಮಾವ, ಅವರಿಗೆ ತಲೆ ಕೆಟ್ಟಿದೆ ಅಂತ ಮನೆಯವರೆಲ್ಲ ಅಂದುಕೊಂಡಿದ್ದಾರೆ, ಈಗ ಅವರೂ ಹಾಗೇ ಅಂದುಕೊಳ್ಳುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು.

"ಅಕ್ಕ, ಇದನ್ನ ಅವತ್ತೇ ಹೇಳ್ಬೇಕಿತ್ತು. ಗುಟ್ಟಿರೋದು ಯಾರಿಗೂ ನೋವಾಗದಿರೋ ತನಕ ಮಾತ್ರ. ಈಗಲೇ ಹೋಗಿ ಹೇಳಿ. ಇವತ್ತು ಕಾರು ಬಿಡಲ್ಲ."

ಅವಳು ಒಳಗೆ ಬಂದು ಮಾವನ ಮುಂದೆ ಕೂತಳು. "ಮಾವ, ಆ ಸೀಟೊಳಗೆ ಇದ್ದಿದ್ದು ನಾನು."

ತನ್ನನ್ನು ಸಮಾಧಾನ ಮಾಡಲು ಸೊಸೆ ಕಥೆ ಕಟ್ಟುತ್ತಿದ್ದಾಳೆಂದು ಮಾವನಿಗೆ ಅನುಮಾನ. "ಕೈಗೆ ಏನಿತ್ತು?" ಅಂತ ಕೇಳಿದರು.

"ಬೂದು ಬಣ್ಣದ ಕೈಗವಸು. ಹೆಬ್ಬೆರಳ ಹತ್ರ ಹೊಲಿಗೆ ಬಿಟ್ಟಿತ್ತು."

ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮುಖದ ಬಿಗಿಯೆಲ್ಲ ಒಂದೊಂದಾಗಿ ಸಡಿಲವಾಯಿತು. ಆಮೇಲೆ ಮಗನಿಗೆ ಫೋನ್ ಮಾಡಿ, "ಡಾಕ್ಟರು ಬೇಡ. ಬೇಕಾದ್ರೆ ನಿನ್ನ ಹೆಂಡ್ತೀನ ತೋರಿಸ್ಕೊಂಡು ಬಾ" ಅಂದರು. ಫೋನಿಟ್ಟು ಅವಳ ಕಡೆ ತಿರುಗಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ನಾಟಿತು. "ಜೀವ ಉಳಿಸ್ದೆ, ಸರಿ. ಆದ್ರೆ ಇಷ್ಟು ದಿನ ನನ್ನ ಹುಚ್ಚ ಆಗೋಕೆ ಬಿಟ್ಟೆಯಲ್ಲಮ್ಮ."

"ತಪ್ಪಾಯ್ತು ಮಾವ" ಅಂದಳು.

ಆಮೇಲೆ ಕೆಲವು ವಾರ ಅವರು ಅವಳೊಂದಿಗೆ ನೇರವಾಗಿ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಮಗನಿಗೆ, "ನಿಮ್ಮ ಸೀಟಿಗೆ ಹೇಳು, ಉಪ್ಪು ಕಮ್ಮಿ" ಅನ್ನುತ್ತಿದ್ದರು. ಅವಳು ಎದ್ದು ಉಪ್ಪು ತಂದಿಡುತ್ತಿದ್ದಳು. ಸಂಶೋಧಕಿಯೇ ಮನೆಗೆ ಬಂದು ಮಾವನ ಕ್ಷಮೆ ಕೇಳಿದಳು. ಅವತ್ತು ಯಾಕೆ ದಾಟಲಿಲ್ಲ ಅಂತಲೂ ಕೇಳಿದಳು. "ನಿಂತಿದ್ದೇನೋ ಕಾಣಿಸ್ತು ತಾಯಿ, ನನಗೋಸ್ಕರ ನಿಂತಿದೆಯಾ, ಕೆಟ್ಟು ನಿಂತಿದೆಯಾ ಗೊತ್ತಾಗ್ಲಿಲ್ಲ. ಕೇಳೋಣ ಅಂದ್ರೆ ಯಾರೂ ಇಲ್ಲ" ಅಂದರು ಮಾವ. ಸಂಶೋಧಕಿ ಹೋದ ಮೇಲೆ, ಎಷ್ಟೋ ದಿನಗಳ ನಂತರ ಮೊದಲ ಸಲ, ಅವರೇ ಸೊಸೆಯನ್ನು ಕರೆದು, ಆ ಗವಸಿನೊಳಗೆ ಉಸಿರಾಟ ಹೇಗೆ ಅಂತ ವಿಚಾರಿಸಿದರು.

ಅಧ್ಯಯನ ಮುಗಿಯಿತು. ಬಹಳ ಜನ ಮುಖಕ್ಕಿಂತ ಚಕ್ರವನ್ನೇ ನೋಡುತ್ತಾರೆ, ಅನುಮಾನ ಬಂದಾಗ ಮಾತ್ರ ಮುಖ ಹುಡುಕುತ್ತಾರೆ ಎಂದು ವರದಿಯಲ್ಲಿ ಬರೆದರಂತೆ. ಬ್ರೇಕಕ್ಕ ಗವಸಿನಿಂದ ಹೊರಬಂದು ಕೇಂದ್ರದಲ್ಲೇ ಉಳಿದಳು. ಮುಂದಿನ ವರ್ಷ ಅಲ್ಲಿನ ಆವರಣದೊಳಗೆ ನಿಜವಾಗಿಯೂ ತಾನೇ ಓಡುವ ಒಂದು ಪುಟ್ಟ ಬಸ್ಸು ಬಂತು. ಅದಕ್ಕೆ ಡ್ರೈವರ್ ಸೀಟೂ ಇಲ್ಲ, ಸ್ಟಿಯರಿಂಗೂ ಇಲ್ಲ. ಬಾಗಿಲ ಬಳಿ ಒಬ್ಬರು ನಿಂತು, ಏನಾದರೂ ಎಡವಟ್ಟಾದರೆ ಕೆಂಪು ಗುಂಡಿ ಒತ್ತಬೇಕು. ಆ ಕೆಲಸ ಅವಳದಾಯಿತು. ಪ್ರಯಾಣಿಕರು ಎಷ್ಟು ನೆಮ್ಮದಿಯಿಂದ ಕೂರುತ್ತಾರೆ ಎಂದು ನೋಡಲು ವಯಸ್ಸಾದವರು ಬೇಕಾಗಿದ್ದರು. ಮಾವ ತಾವಾಗಿಯೇ ಬರುತ್ತೇನೆಂದರು.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕಿಟಕಿ ಪಕ್ಕ ಕೂತರು. ಉಳಿದವರು ಎದುರಿನ ಕಂಬಿಯನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದು, ತಿರುವು ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಮಾವ ಎರಡನೇ ತಿರುವಿಗೆ ಆಕಳಿಸಿದರು. ಆಮೇಲೆ ಗದ್ದವನ್ನು ಎದೆಗೆ ಆನಿಸಿ ನಿದ್ದೆಹೋದರು. ಸಣ್ಣಗೆ ಗೊರಕೆಯೂ ಕೇಳಿಸಿತು.

ಬಸ್ಸು ನಿಂತ ಮೇಲೆ ಸಂಶೋಧಕಿ ಹುರುಪಿನಿಂದ ಅವರ ಪಕ್ಕ ಬಂದು ಕೂತಳು. "ಅಜ್ಜ, ಈ ಗಾಡಿ ಮೇಲೆ ಅಷ್ಟು ನಂಬಿಕೆ ಬಂತಾ?"

"ಗಾಡಿ ವಿಷಯ ನನಗೇನಮ್ಮ ಗೊತ್ತು. ಬಾಗಿಲ ಹತ್ರ ನನ್ನ ಸೊಸೆ ನಿಂತಿದ್ದಾಳಲ್ಲ."

"ಅಯ್ಯೋ, ಹಾಗಾದ್ರೆ ನಿಮ್ಮ ಉತ್ತರ ನಮ್ಮ ಲೆಕ್ಕಕ್ಕೆ ಬರಲ್ಲ."

"ಬರದಿದ್ರೆ ಬಿಡಿ" ಅಂದರು ಮಾವ, ಅಂಗಿಯ ಮಡಿಕೆ ಸರಿಮಾಡಿಕೊಳ್ಳುತ್ತಾ. ಬ್ರೇಕಕ್ಕ ಕೇಳಿಸಿಕೊಂಡಳೋ ಇಲ್ಲವೋ, ಇಳಿಯುವವರಿಗೆ ಮೆಟ್ಟಿಲು ತೋರಿಸುವುದರಲ್ಲಿ ಮುಳುಗಿದ್ದಳು. ಮಾವನ ಸರದಿ ಬಂದಾಗ ಅವರ ಮೊಣಕೈ ಹಿಡಿದು ಇಳಿಸಿದಳು, ಅವರೂ ಹಿಡಿಸಿಕೊಂಡರು.