ಶುಕ್ರವಾರ ಅಳಿಸದ ಜಾಹೀರಾತು

ಮುಳಬಾಗಿಲಿನ ವೆಂಕಟರಮಣ ಇಪ್ಪತ್ತು ವರ್ಷ ಗಾಜಿನ ಮೇಲೆ ಬರೆದ. ಟಾಕೀಸಿನಲ್ಲಿ ಇಂಟರ್ವಲ್ ಬಿಟ್ಟಾಗ ತೆರೆಯ ಮೇಲೆ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿಗಳ ಸ್ಲೈಡುಗಳು ಬರುತ್ತಿದ್ದವಲ್ಲ, ಅವೆಲ್ಲ ಅವನ ಕೈಬರಹ. ಅಂಗೈಯಗಲದ ಗಾಜು, ಸಣ್ಣ ಕುಂಚ, ನಾಲ್ಕು ಬಣ್ಣದ ಮಸಿ. ತಪ್ಪಾದರೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒರೆಸಿಬಿಟ್ಟರೆ ಆಯಿತು. ಶುಕ್ರವಾರ ಪಿಕ್ಚರ್ ಬದಲಾಗುವಾಗ ಗಾಜುಗಳನ್ನೆಲ್ಲ ತೊಳೆದು ಹೊಸದಾಗಿ ಬರೆಯುವುದು. ತಾನು ಬರೆದದ್ದು ಏಳು ದಿನಕ್ಕಿಂತ ಹೆಚ್ಚು ಬದುಕಿದ್ದನ್ನು ಆತ ಕಂಡವನೇ ಅಲ್ಲ. ಈ ಮಾತು ನೆನಪಿನಲ್ಲಿರಲಿ, ಮುಂದಿನ ಫಜೀತಿಗೆಲ್ಲ ಇದೇ ಮೂಲ.

ಅವನಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದವರು ಸೋದರತ್ತೆ ಗುಂಡಮ್ಮ ಒಬ್ಬರೇ. ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಮರುವರ್ಷ ತಾಯಿ ಸತ್ತ ಆರು ವರ್ಷದ ವೆಂಕಟರಮಣನನ್ನು ಮಡಿಲಿಗೆ ಹಾಕಿಕೊಂಡರು. ಹಣೆಯಲ್ಲಿ ವಿಭೂತಿ, ಮೈಮೇಲೆ ಬಣ್ಣಗೆಟ್ಟ ಸೀರೆ, ಮುಖದಲ್ಲಿ ಸದಾ ಯಾರೋ ಒಲೆಯ ಮೇಲೆ ಹಾಲು ಮರೆತಿದ್ದಾರೆ ಎನ್ನುವ ಭಾವ. ಮಡಿಯೆಂದರೆ ಮಡಿ. ಸೊಪ್ಪು ಮಾರುವ ಮುನಿಯಲ್ಲಮ್ಮ ಹನ್ನೆರಡು ವರ್ಷದಿಂದ ಅದೇ ಜಗಲಿಗೆ ಬರುತ್ತಿದ್ದರೂ, ಅವಳು ಕೆಳಗಿಟ್ಟ ಸೊಪ್ಪಿನ ಕಟ್ಟಿನ ಮೇಲೆ ನೀರು ಚಿಮುಕಿಸದೆ ಗುಂಡಮ್ಮ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಮುನಿಯಲ್ಲಮ್ಮ ಅದಕ್ಕೂ ನಗುತ್ತಿದ್ದಳು. ಆಕೆ ಎಲ್ಲದಕ್ಕೂ ನಗುವವಳು.

ಎರಡು ಸಾವಿರದ ಇಸವಿ ಹೊತ್ತಿಗೆ ಮನೆಮನೆಗೆ ಕೇಬಲ್ ಬಂತು, ಅಂಗಡಿಯವರು ಅದರಲ್ಲೇ ಜಾಹೀರಾತು ಓಡಿಸತೊಡಗಿದರು. ಟಾಕೀಸಿನಲ್ಲಿ ಸ್ಲೈಡು ನೋಡಲು ಜನವೇ ಇಲ್ಲವೆಂದ ಮೇಲೆ ಬರೆಯಿಸುವವರಾದರೂ ಯಾರು? ಮ್ಯಾನೇಜರು ಒಂದು ದಿನ ಗಾಜುಗಳನ್ನೆಲ್ಲ ತೊಳೆಸಿ, ಪೇಪರಿನಲ್ಲಿ ಸುತ್ತಿ, ಮರ್ಯಾದೆಯಿಂದ ವೆಂಕಟರಮಣನ ಕೈಗೇ ಕೊಟ್ಟರು. ಅದನ್ನು ಹಿಡಿದು ಮನೆಗೆ ಬಂದ ನಲವತ್ತೆರಡರ ಸೋದರಳಿಯನಿಗೆ ಗುಂಡಮ್ಮ ಸಾರು ಬಡಿಸುತ್ತ, ಕೋಲಾರದಲ್ಲಿ ಅದೇನೋ ಕಂಪ್ಯೂಟರಿನಲ್ಲಿ ಜಾಹೀರಾತು ಮಾಡುವುದು ಕಲಿಸುತ್ತಾರಂತೆ, ಹೋಗಿ ಸೇರಿಕೋ ಎಂದರು. ಸೇರಿಕೊಂಡ.

ಕಲಿಸುವವಳು ಶ್ರೀಪ್ರಿಯಾ, ಇಪ್ಪತ್ತೆರಡರ ಹುಡುಗಿ. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ವೆಂಕಟರಮಣನಿಗೆ ಹಾಗೆನ್ನಲು ಬಾಯಿ ಬರದೆ ಮೇಡಂ ಎಂದ. ಮೊದಲ ವಾರವೇ ಅವನು ಪರದೆಯ ಮೇಲೆ ತಪ್ಪಾಗಿ ಎಳೆದ ಗೆರೆಯನ್ನು ಹೆಬ್ಬೆರಳಿಗೆ ಎಂಜಲು ಹಚ್ಚಿ ಒರೆಸಿದ. ಗೆರೆ ಹೋಗಲಿಲ್ಲ, ಪರದೆ ಕೊಳೆಯಾಯಿತು. ಶ್ರೀಪ್ರಿಯಾ ಒಂದು ಬಟ್ಟೆಚೂರು ತಂದು ಅವನ ಮಾನಿಟರಿಗೆ ದಾರದಲ್ಲಿ ಕಟ್ಟಿದಳು. ಕಂಟ್ರೋಲ್ ಝಡ್ ಒತ್ತಿದರೆ ಮಾಡಿದ ತಪ್ಪು ಮಾಡದಂತೆಯೇ ಆಗುತ್ತದೆ ಎಂದು ತೋರಿಸಿಕೊಟ್ಟಳು. ಅವತ್ತು ಬಸ್ಸಿನಲ್ಲಿ ಬರುವಾಗ ವೆಂಕಟರಮಣ, ಈ ಎರಡು ಗುಂಡಿ ಸ್ವಿಚ್ಚಿನ ಹಾಗೆ ಮನೆಯ ಗೋಡೆಗೂ ಇದ್ದಿದ್ದರೆ ಎಂದು ಮುಳಬಾಗಿಲು ಬರುವವರೆಗೂ ಯೋಚಿಸಿದ.

ಪುಟ ಜೋಡಿಸುವ ಪಾಠದಲ್ಲಂತೂ ಜಗಳವೇ ಆಯಿತು. ಸುತ್ತ ಖಾಲಿ ಜಾಗ ಬಿಡಿ, ಕಣ್ಣಿಗೆ ಉಸಿರಾಡಲು ಬಿಡಿ ಎಂದು ಅವಳು. ಗಿರಾಕಿ ಪೂರ್ತಿ ಗಾಜು ಕೊಂಡಿರುವಾಗ ಅರ್ಧ ಖಾಲಿ ಬಿಟ್ಟರೆ ಅವನಿಗೆ ಮೋಸ ಮಾಡಿದಂತಲ್ಲವೇ ಎಂದು ಇವನು. ಆದರೆ ಲೇಯರುಗಳ ಪಾಠ ಬಂದಾಗ ಉಳಿದವರೆಲ್ಲ ಕಣ್ಣು ಕಣ್ಣು ಬಿಟ್ಟರೆ ಇವನಿಗೆ ಒಂದೇ ಮಾತಿಗೆ ತಿಳಿಯಿತು. ಗಾಜಿನ ಮೇಲೆ ಗಾಜು, ಅಷ್ಟೇ. ಕೆಳಗಿನ ಗಾಜಿನಲ್ಲಿ ಮುಖ, ಮೇಲಿನದರಲ್ಲಿ ಮೂಗುತಿ. ಬೇಡವಾದರೆ ಮೇಲಿನದನ್ನು ಎತ್ತಿಟ್ಟರಾಯಿತು, ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಶ್ರೀಪ್ರಿಯಾ ಹೇಳಿಕೊಟ್ಟ ಒಂದೇ ಕಟ್ಟಳೆಯೆಂದರೆ ಲೇಯರುಗಳನ್ನು ಎಂದೂ ಒಂದಾಗಿಸಬಾರದು. ಒಂದಾಗಿಸಿದರೆ ಗಾಜುಗಳೆಲ್ಲ ಅಂಟಿಕೊಂಡು ಒಂದೇ ಗಾಜಾಗುತ್ತವೆ, ಆಮೇಲೆ ಏನನ್ನೂ ತೆಗೆಯಲು ಬರುವುದಿಲ್ಲ. ಇದನ್ನು ವೆಂಕಟರಮಣ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಕೆಂಪು ಗೆರೆ ಎಳೆದ.

ಕಲಿಯಲು ಒಂದು ಫೋಟೋ ಬೇಕಲ್ಲ, ಮನೆಯಿಂದ ತನ್ನಿ ಎಂದಿದ್ದಳು ಶ್ರೀಪ್ರಿಯಾ. ಅವನ ಪರ್ಸಿನಲ್ಲಿದ್ದದ್ದು ಗುಂಡಮ್ಮ ಕಾಶಿಗೆ ಹೋಗುವಾಗ ತೆಗೆಸಿ ಉಳಿದ ಒಂದು ಪಾಸ್‌ಪೋರ್ಟ್ ಫೋಟೋ. ಸ್ವಲ್ಪ ನಗಿ ಅಮ್ಮ ಎಂದ ಸ್ಟುಡಿಯೋದವನಿಗೆ, ಇದೇನು ಕಾಶಿಗೋ ವಧೂಪರೀಕ್ಷೆಗೋ ಎಂದು ಕೇಳಿ ತೆಗೆಸಿದ್ದ ಫೋಟೋ ಅದು. ಆ ಮುಖದ ಮೇಲೆ ವೆಂಕಟರಮಣ ಮೂರು ತಿಂಗಳು ಕೈ ಪಳಗಿಸಿದ. ಗುಂಡಮ್ಮ ನೀಲಿಯಾದರು, ಹಸಿರಾದರು, ಸೂರ್ಯಕಾಂತಿ ಹೂವಿನ ನಡುವೆ ಕೂತರು, ವಿಮಾನದ ಕಿಟಕಿಯಲ್ಲಿ ಇಣುಕಿದರು. ಸಂಜೆ ಮನೆಗೆ ಬಂದವನನ್ನು ಅದೇ ಮುಖ ಇವತ್ತೇನು ಕಲಿತೆ ಎಂದು ಕೇಳಿದರೆ, ಬಣ್ಣ ಹಾಕೋದು ಎಂದು ಹೇಳಿ ಊಟಕ್ಕೆ ಕೂರುತ್ತಿದ್ದ.

ಕೋರ್ಸು ಮುಗಿದ ಮೇಲೂ ಅದೇ ಕಂಪ್ಯೂಟರಿನಲ್ಲಿ ಕೂರಲು ಬಿಟ್ಟು, ಶ್ರೀಪ್ರಿಯಾ ಅವನಿಗೊಂದು ನಿಜವಾದ ಕೆಲಸ ಕೊಡಿಸಿದಳು. ಶ್ರೀನಿವಾಸಪುರದ ಅಶ್ವತ್ಥಪ್ಪ ಮಾವಿನ ಮಂಡಿ ಬಿಟ್ಟು ಅರಿಶಿನ ಕುಂಕುಮದ ಪ್ಯಾಕೆಟ್ ಶುರುಮಾಡಿದ್ದ. ಅದಕ್ಕೊಂದು ಜಾಹೀರಾತು ಬೇಕು, ಸಿನಿಮಾದವರ ಹಾಗಿರುವ ಹುಡುಗಿ ಬೇಡ, ನೋಡಿದರೆ ಕೈ ಮುಗಿಯಬೇಕೆನಿಸುವ ಮನೆಯ ಹಿರಿ ಮುತ್ತೈದೆ ಬೇಕು, ನಗುನಗುತ್ತಿರಬೇಕು, ಸೋಮವಾರಕ್ಕೆ ಬೇಕು. ಅಂಥ ಮುತ್ತೈದೆಯನ್ನು ಎಲ್ಲಿಂದ ತರುವುದು? ವೆಂಕಟರಮಣನ ಬಳಿ ಚೆನ್ನಾಗಿ ಸ್ಕ್ಯಾನ್ ಮಾಡಿದ್ದ ಮುಖ ಒಂದೇ.

ಅವನು ಸುಮ್ಮನೆ ಮಾಡಲಿಲ್ಲ, ಶನಿವಾರವಿಡೀ ಕೈ ಕೈ ಹಿಸುಕಿಕೊಂಡ. ಆದರೆ ಇಪ್ಪತ್ತು ವರ್ಷದ ಅಭ್ಯಾಸ ಅವನಿಗೆ ಧೈರ್ಯ ಹೇಳಿತು. ಜಾಹೀರಾತಲ್ಲವೇ, ಶುಕ್ರವಾರ ಬಂದರೆ ಅಳಿಸುತ್ತಾರೆ. ಅತ್ತೆ ಟಾಕೀಸಿನ ಕಡೆಯಾಗಲಿ ಕೇಬಲ್ಲಿನ ಕಡೆಯಾಗಲಿ ತಲೆಯನ್ನೂ ಹಾಕುವವರಲ್ಲ. ವಿಭೂತಿ ಅಳಿಸಿ, ಒಂದು ಲೇಯರಿನಲ್ಲಿ ಹಣೆಗೆ ಕುಂಕುಮ ಇಟ್ಟ, ಇನ್ನೊಂದರಲ್ಲಿ ಕೆನ್ನೆಗೆ ಅರಿಶಿನ, ಮತ್ತೊಂದರಲ್ಲಿ ಮುಡಿಗೆ ಮಲ್ಲಿಗೆ. ನಗು ಮಾತ್ರ ಬರಲಿಲ್ಲ. ತುಟಿಯ ತುದಿ ಹಿಡಿದು ಮೇಲಕ್ಕೆ ಎಳೆದರೆ ಗುಂಡಮ್ಮ ಯಾರನ್ನೋ ಕಚ್ಚಲು ಹೊರಟಂತೆ ಕಂಡರು. ಹಿಂದಿನ ತಿಂಗಳು ಸ್ತ್ರೀಶಕ್ತಿ ಸಂಘದ ಗುರುತಿನ ಚೀಟಿಗಳನ್ನು ಕ್ಲಾಸಿನಲ್ಲೇ ಜೋಡಿಸಿದ್ದರು, ಅದರಲ್ಲಿ ಸೊಪ್ಪಿನ ಮುನಿಯಲ್ಲಮ್ಮನ ಫೋಟೋ ಇತ್ತು, ಬಾಯಿ ತುಂಬ ನಗು. ಅವಳ ಬಾಯನ್ನು ಸುತ್ತ ಕತ್ತರಿಸಿ ತಂದು ಗುಂಡಮ್ಮನಿಗೆ ಕೂರಿಸಿದ. ಅಳತೆ ಮಾಡಿಸಿದ ಹಾಗೆ ಕೂತಿತು. ಮುಂದಿನ ಹಲ್ಲಿನ ಮೂಲೆ ಮುರಿದಿದೆ, ಸರಿಮಾಡಿ ಎಂದಳು ಶ್ರೀಪ್ರಿಯಾ. ಸಾಲ ತಂದ ನಗುವಿಗೆ ಮತ್ತೆ ರಿಪೇರಿ ಬೇರೆಯೇ ಎನಿಸಿ ವೆಂಕಟರಮಣ ಅದನ್ನು ಮುಟ್ಟಲಿಲ್ಲ.

ಎರಡು ವಾರದ ಮೇಲೆ ಕೋಲಾರದಿಂದ ಬರುತ್ತಿದ್ದ ಬಸ್ಸು ಮುಳಬಾಗಿಲು ಬಸ್‌ಸ್ಟ್ಯಾಂಡಿಗೆ ತಿರುಗಿದಾಗ ಎದುರಿಗೇ ಇಪ್ಪತ್ತು ಅಡಿಯ ಗುಂಡಮ್ಮ ನಗುತ್ತಿದ್ದರು. ಅವನು ಇಳಿಯುವುದನ್ನು ಮರೆತು ಕೂತ, ಕಂಡಕ್ಟರ್ ಭುಜ ತಟ್ಟಬೇಕಾಯಿತು. ಶುಕ್ರವಾರದವರೆಗೆ ಹೇಗೋ ತಳ್ಳಿದ. ಶುಕ್ರವಾರ ಬಂತು, ಹೋಯಿತು, ಯಾರೂ ತೆಗೆಯಲಿಲ್ಲ. ಬೂತಿನಿಂದ ಅಶ್ವತ್ಥಪ್ಪನಿಗೆ ಫೋನ್ ಮಾಡಿ ಯಾವಾಗ ಬಿಚ್ಚುತ್ತೀರಿ ಎಂದರೆ ಆತ ಖುಷಿಯಾಗಿ ನಕ್ಕ. ಅದು ಫ್ಲೆಕ್ಸು ಸ್ವಾಮಿ, ಮಳೆ ಬಿಸಿಲಿಗೆ ಮೂರು ವರ್ಷ ಜಗ್ಗುವುದಿಲ್ಲ, ಮಾಲೂರಿನಲ್ಲೂ ಕಟ್ಟಿಸಿದ್ದೀನಿ, ಟೇಕಲ್ ಸ್ಟೇಷನ್ನಿನ ಎದುರಿಗೂ ಕಟ್ಟಿಸಿದ್ದೀನಿ, ಪ್ಯಾಕೆಟ್ಟಿನ ಮೇಲೂ ಅದೇ ಅಮ್ಮ ಎಂದ.

ವೆಂಕಟರಮಣ ಫೋನ್ ಇಟ್ಟ. ತನ್ನನ್ನು ಸಾಕಿದವರ ಹಣೆಗೆ ಅವರನ್ನು ಕೇಳದೆ ಕುಂಕುಮ ಇಟ್ಟು ಊರಿಗೆಲ್ಲ ತೋರಿಸಿದ್ದ. ಆ ಹಣೆಯ ವಿಷಯವನ್ನು ಮನೆಯಲ್ಲಿ ಯಾರೂ ಎಂದೂ ಆಡಿದ್ದಿಲ್ಲ. ಗುಂಡಮ್ಮ ಇದನ್ನು ನೋಡಿದರೆ ತನ್ನ ಮುಖವನ್ನು ಮತ್ತೆ ನೋಡುತ್ತಾರೆಯೇ ಎಂಬುದೊಂದೇ ಅವನ ಚಿಂತೆಯಾಯಿತು.

ಗುಂಡಮ್ಮ ಶನಿವಾರ ಶನಿವಾರ ಆಂಜನೇಯನ ಗುಡಿಗೆ ಹೋಗುವುದು ಬಸ್‌ಸ್ಟ್ಯಾಂಡಿನ ಮುಂದೆಯೇ. ಮೊದಲ ಶನಿವಾರ ರಸ್ತೆಗೆ ಟಾರು ಹಾಕುತ್ತಿದ್ದಾರೆಂದು ಹೇಳಿ ಹಿಂದಿನ ಸಂದಿಯಲ್ಲಿ ಕರೆದೊಯ್ದ. ಎರಡನೆಯ ಶನಿವಾರ ಟಾರು ಇನ್ನೂ ಒಣಗಿರಲಿಲ್ಲ. ಮೂರನೆಯ ಶನಿವಾರ ಚರಂಡಿ ದಾಟುವಾಗ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತ ಗುಂಡಮ್ಮ, ಆ ದಾರೀಲಿ ಟಾರಿದೆಯೋ ನೀನು ಕದ್ದದ್ದೇನಾದ್ರೂ ಇದೆಯೋ ಎಂದು ಕೇಳಿದರು. ಅವನು ಕೆಮ್ಮಿದ.

ಆದರೆ ಸುದ್ದಿ ಬಂದದ್ದು ರಸ್ತೆಯಿಂದಲ್ಲ, ಜಗಲಿಯಿಂದ. ಸೋಮವಾರ ಬೆಳಿಗ್ಗೆ ಮುನಿಯಲ್ಲಮ್ಮ ಬುಟ್ಟಿ ಇಳಿಸಿ, ದಂಟಿನ ಸೊಪ್ಪಿನ ಅಡಿಯಿಂದ ಒಂದು ಕುಂಕುಮದ ಪ್ಯಾಕೆಟ್ ತೆಗೆದಳು. ಕೋಲಾರಕ್ಕೆ ಹೊರಟಿದ್ದ ವೆಂಕಟರಮಣ ಚಪ್ಪಲಿ ಮೆಟ್ಟಿದ್ದವನು ಮೆಟ್ಟಿದ ಹಾಗೇ ನಿಂತ.

"ಚೂಡಂಡಿ, ನೋಡಿ ಅಮ್ಮಾ," ಎಂದಳು ಮುನಿಯಲ್ಲಮ್ಮ, "ಇದ್ರಾಗೆ ಮಕ ನಿಮ್ದು, ಹಲ್ಲು ನಂದು. ಕಬ್ಬು ಕಡಿಯಕ್ಕೋಗಿ ಮುರಿದಿದ್ದು ಇದೇ ಹಲ್ಲೇ. ಸಂತೇಲೆಲ್ಲಾ ನನ್ನ ಕೇಳ್ತಾವ್ರೆ."

ಗುಂಡಮ್ಮ ಕೈ ಚಾಚಿ ಪ್ಯಾಕೆಟ್ಟನ್ನು ಅವಳ ಕೈಯಿಂದಲೇ ತೆಗೆದುಕೊಂಡರು. ನೀರಿನ ಚೊಂಬು ಪಕ್ಕದಲ್ಲೇ ಇತ್ತು, ಅದರ ನೆನಪೇ ಅವರಿಗೆ ಬಂದಂತಿರಲಿಲ್ಲ. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು, ಬೆಳಕಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ವೆಂಕಟರಮಣ ಚಪ್ಪಲಿ ಬಿಟ್ಟು ಹತ್ತಿರ ಬಂದ. ಲೇಯರು, ಗಾಜು, ಅಶ್ವತ್ಥಪ್ಪ, ಶುಕ್ರವಾರ ಎಲ್ಲವನ್ನೂ ಹಿಂದುಮುಂದಾಗಿ ಒದರಿದ.

"ಇವತ್ತೇ ಹೋಗಿ ತೆಗೆದುಬಿಡ್ತೀನಿ ಅತ್ತೆ. ಆ ಕುಂಕುಮ ಬೇರೆ ಲೇಯರಲ್ಲಿದೆ. ತೆಗೆಯೋದು ಒಂದು ನಿಮಿಷದ ಕೆಲಸ."

"ತೆಗೆಯೋದು ಒಂದು ನಿಮಿಷದ ಕೆಲಸ ಅಂತ ನಂಗೆ ಗೊತ್ತಿಲ್ವೇನೋ," ಎಂದರು ಗುಂಡಮ್ಮ. "ಮೂವತ್ತೆಂಟು ವರ್ಷದ ಹಿಂದೆ ನಂದು ತೆಗೆದಾಗ ಅಷ್ಟು ಹೊತ್ತೂ ಹಿಡೀಲಿಲ್ಲ."

ಮುನಿಯಲ್ಲಮ್ಮನ ನಗು ನಿಂತಿತು. ವೆಂಕಟರಮಣ ತಲೆ ತಗ್ಗಿಸಿದ. ಅವನಿಗೆ ಅಳು ಬಂತು, ಸೋದರತ್ತೆಯ ಬಗ್ಗೆ ತಾನು ಇಷ್ಟು ವರ್ಷ ಏನನ್ನೂ ಕೇಳಿಲ್ಲವೆಂದು ನಾಚಿಕೆಯೂ ಆಯಿತು.

"ಕುಂಕುಮ ಇರಲಿ," ಎಂದರು ಗುಂಡಮ್ಮ ಪ್ಯಾಕೆಟ್ಟಿನಿಂದ ಕಣ್ಣು ತೆಗೆಯದೆ. "ಈ ನಗು ಮಾತ್ರ ಅವಳದು ಅವಳಿಗೆ ಕೊಟ್ಟುಬಿಡು. ಇನ್ನೊಬ್ಬರ ಬಾಯಲ್ಲಿ ನಾನ್ಯಾಕೆ ನಗಲಿ?"

"ಇಟ್ಕೊಳ್ಳಿ ಅಮ್ಮಾ," ಎಂದಳು ಮುನಿಯಲ್ಲಮ್ಮ, "ನನ್ನತ್ರ ಬೇಕಾದಷ್ಟೈತೆ."

ಅದಕ್ಕೆ ಗುಂಡಮ್ಮ ನಕ್ಕರು. ಮೂರು ತಿಂಗಳು ಆ ಮುಖವನ್ನು ಚುಕ್ಕೆ ಚುಕ್ಕೆಯಾಗಿ ತಿದ್ದಿದ್ದ ವೆಂಕಟರಮಣನಿಗೆ, ಅದು ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದೇ ಗೊತ್ತಿರಲಿಲ್ಲ.

ಅದೇ ವಾರ ಸ್ಟುಡಿಯೋದಲ್ಲಿ ಹೊಸ ಫೋಟೋ ತೆಗೆಸಿದರು. ಫೋಟೋಗ್ರಾಫರನ ಬೆನ್ನ ಹಿಂದೆ ಮುನಿಯಲ್ಲಮ್ಮನನ್ನು ನಿಲ್ಲಿಸಿದ್ದರಿಂದ ನಗಿ ಎಂದು ಯಾರೂ ಹೇಳಬೇಕಾಗಲಿಲ್ಲ. ಮೇಲಿನ ಎರಡು ಹಲ್ಲು ಇಲ್ಲದ ಬಾಯಿ ಎಂದು ಅಶ್ವತ್ಥಪ್ಪ ಫೋನಿನಲ್ಲಿ ತಕರಾರು ತೆಗೆದ. ಹೋದ ಸಲದ ಹಲ್ಲು ಬಾಡಿಗೆಯದು, ಇದು ಸ್ವಂತದ್ದು ಎಂದು ವೆಂಕಟರಮಣ ಹೇಳಿದ. ಆತ ಒಪ್ಪಿದ.

ತನ್ನ ಮುಖಕ್ಕೆ ಏನು ಮಾಡುತ್ತಾನೋ ಎದುರಿಗೇ ಮಾಡಲಿ ಎಂದು ಗುಂಡಮ್ಮ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಕೋಲಾರದ ಬಸ್ಸು ಹತ್ತಿದರು. ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತರು. ಮಾನಿಟರಿಗೆ ಕಟ್ಟಿದ ಬಟ್ಟೆಚೂರು ಯಾಕೆಂದು ಕೇಳಿದರು, ಶ್ರೀಪ್ರಿಯಾ ನಗು ತಡೆದುಕೊಂಡು ವಿವರಿಸಿದಳು. ವೆಂಕಟರಮಣ ಹೊಸ ಲೇಯರ್ ತೆರೆದು, ಕೆಂಪು ಬಣ್ಣ ಆರಿಸಿ, ಹಣೆಯ ನಡುವೆ ಒಂದು ಸಣ್ಣ ಚುಕ್ಕೆ ಇಟ್ಟ.

"ಸಣ್ಣದಾಯ್ತು," ಎಂದರು ಗುಂಡಮ್ಮ.

ಅಳಿಸಿ, ಸ್ವಲ್ಪ ಹಿಗ್ಗಿಸಿ ಇಟ್ಟ. ಇನ್ನೂ ಎಂದರು. ಮತ್ತೆ ಹಿಗ್ಗಿಸಿದ.

"ಇನ್ನೂ ಸ್ವಲ್ಪ ಕಣೋ. ನಾನು ಇಡ್ತಿದ್ದದ್ದು ಕಾಸಗಲ."

ಕಾಸಗಲ ಇಟ್ಟ. ಗುಂಡಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ಹೂಂ ಎಂದರು. ಫೈಲ್ ಸೇವ್ ಮಾಡುವ ಮುನ್ನ ವೆಂಕಟರಮಣ ಮೆನು ತೆರೆದು ಬಾಣವನ್ನು ಒಂದಾಗಿಸುವ ಸಾಲಿನ ಮೇಲೆ ತಂದು ನಿಲ್ಲಿಸಿದ್ದನ್ನು ಶ್ರೀಪ್ರಿಯಾ ಗಮನಿಸಿದಳು. ಲೇಯರ್ ಒಂದಾಗಿಸಿಬಿಟ್ಟೀರಿ ಸಾರ್, ಆಮೇಲೆ ಆ ಕುಂಕುಮ ತೆಗೆಯೋಕೆ ಬರಲ್ಲ ಎಂದು ಎಚ್ಚರಿಸಿದಳು. ಗೊತ್ತು ಮೇಡಂ ಎಂದು ವೆಂಕಟರಮಣ ಒಂದಾಗಿಸಿದ.