ಚುಕ್ಕಿ ಕುರಿಯ ಹಿಂಗಾಲು

ಮೊನ್ನೆ ಹುಮನಾಬಾದಿಗೆ ಹೋದಾಗ, ತವರಿನ ಪಕ್ಕದ ಮನೆಯ ಸೊಸೆ ಕೂರಲು ಹಳೆಯ ಕಂಬಳಿ ಹಾಸಿದಳು. ಉಣ್ಣೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ತೀರಿಕೊಂಡು ವರ್ಷಗಳಾದ ಅವಳ ಮಾವ ಎದುರಿಗೆ ಬಂದು ಕೂತಂತಾಯಿತು. ನಾನು ಅವನನ್ನು ಮುತ್ಯಾ ಎನ್ನುತ್ತಿದ್ದೆ. ಸ್ವಂತ ಅಜ್ಜನಲ್ಲ, ಕುರಿ ಸಾಕುತ್ತಿದ್ದ ನೆರೆಯವನು.

ಆರು ತಿಂಗಳ ನನ್ನನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಹೋದ ಅವ್ವ ತಿರುಗಿ ಬರಲಿಲ್ಲ. ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮಂದೆಗೆ ಹೆಣ್ಣುಮರಿ ಉಳಿಸಿಕೊಳ್ಳುವ ಮುನ್ನ ಮುತ್ಯಾ ಅದರ ತಾಯಿಯ ಗುಣ ನೋಡುತ್ತಿದ್ದ. ಕನ್ಯೆ ನೋಡಲು ಬಂದವರೂ ಅಷ್ಟು ಕೆದಕಲಿಕ್ಕಿಲ್ಲ! ಹೆತ್ತ ಮರಿಯನ್ನೇ ಒದ್ದು ಓಡಿಸುವ ತಾಯಿಯಾದರೆ ಆ ಮರಿ ಸಂತೆಗೆ. "ರಕ್ತದಾಗ ಬಂದದ್ದು ಕಲಿಸಿದ್ರ ಹೋಗಂಗಿಲ್ಲ," ಎನ್ನುತ್ತಿದ್ದ. ಈಗ ಅದನ್ನೇ ವಂಶವಾಹಿ ಎಂದು ಪತ್ರಿಕೆಯಲ್ಲಿ ಓದುತ್ತೇನೆ.

ಹಣೆಯ ಮೇಲೆ ಬಿಳಿ ಚುಕ್ಕಿಯಿದ್ದ ಒಂದು ಮರಿ... ತಾಯಿ ಒದ್ದು ದೂಡಿದ್ದರಿಂದ ನಾನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದೆ. ಸಂತೆಯ ದಿನ ಅದರ ಕೊರಳಿಗೂ ಹಗ್ಗ ಬಿತ್ತು.

"ನಮ್ಮವ್ವನೂ ನನ್ನ ಬಿಟ್ಟು ಹೋಗ್ಯಾಳ. ನಾನೂ ಹಂಗೇ ಆಗ್ತೀನೇನ್ ಮುತ್ಯಾ?" ಎಂದು ಕೇಳಿದೆ.

ಮುತ್ಯಾ ನನ್ನ ಮುಖ ನೋಡಿ, ಹಗ್ಗ ಬಿಚ್ಚಿದ.

ಚುಕ್ಕಿ ಮೊದಲ ಸಲ ಈದಾಗ ಮುತ್ಯಾ ನನ್ನನ್ನು ಕೂಗಿ ಕರೆದ. "ನೋಡವ್ವ, ಹ್ಯಾಂಗ ಕುಡಸ್ಲಾಕತ್ತದ!" ಚುಕ್ಕಿ ಅಲುಗಾಡದೆ ನಿಂತಿತ್ತು, ಮರಿ ಹಾಲು ಕುಡಿಯುತ್ತಿತ್ತು. ಮುತ್ಯಾ ಚುಕ್ಕಿಯ ಹಿಂಗಾಲು ಹಿಡಿದು ಕೂತಿದ್ದ. ಸವರುತ್ತಿದ್ದಾನೆ ಅಂದುಕೊಂಡೆ.

ಅದನ್ನು ಕಂಡ ಧೈರ್ಯದ ಮೇಲೆ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದೆ, ತಾಯಿಯಾದೆ. ಮಗಳು ಅತ್ತಾಗ ಕೆಲವೊಮ್ಮೆ ಎದ್ದು ಎಲ್ಲಿಗಾದರೂ ಹೋಗಿಬಿಡಬೇಕು ಎನಿಸುತ್ತದೆ... ಒಮ್ಮೆ ಅವಳನ್ನು ತೊಟ್ಟಿಲಲ್ಲಿ ಬಿಟ್ಟು ಬಸ್ ನಿಲ್ದಾಣದವರೆಗೂ ಹೋಗಿದ್ದೆ. ಚುಕ್ಕಿ ನೆನಪಾಗಿ ತಿರುಗಿ ಬಂದೆ. ಇದನ್ನು ಯಾರಿಗೂ ಹೇಳಿಲ್ಲ.

ಮೊನ್ನೆ ಕಂಬಳಿಯ ಮೇಲೆ ಕೂತು ಚುಕ್ಕಿಯ ಮಾತು ತೆಗೆದೆ. ಸೊಸೆ ನಕ್ಕಳು.

"ಅದೆಲ್ಲಿ ಕುಡಸ್ತಿತ್ತು ತಂಗೀ! ತಾಯಿಯಂಗೇ ಒದೀತಿತ್ತು. ಮಾವ ದಿನಾ ಅದರ ಕಾಲು ಹಿಡ್ಕೊಂಡು ಕೂಡ್ತಿದ್ರು. ನೀ ಆಗ ಸಣ್ಣಾಕಿ, ಆ ಕೂಸಿಗಿ ಹೇಳಬ್ಯಾಡ ಅಂದಿದ್ರು."

ಮುತ್ಯಾನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ತೊಡೆಯ ಮೇಲೆ ಮಲಗಿದ್ದ ಮಗಳು ಎಚ್ಚರಾಗಿ ಚೀರತೊಡಗಿದಳು. ಎದ್ದು ಹೊರಟುಬಿಡಬೇಕು ಎನಿಸಿತು. ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದೆ. ಹಿಡಿದು ನಿಲ್ಲಿಸಲು ಈಗ ಮುತ್ಯಾ ಇಲ್ಲ.