ಹೊಸ್ತಿಲ ಮೇಲಿನ ಸುಣ್ಣದ ಗೆರೆ

ಎದುರು ಮನೆಯ ಆಯಿಯ ತೋರುಬೆರಳು ಸದಾ ಬೆಳ್ಳಗೆ. ವೀಳ್ಯದೆಲೆಗೆ ಹಚ್ಚಿ ಉಳಿದ ಸುಣ್ಣವನ್ನು ಹೊಸ್ತಿಲ ಕಲ್ಲಿಗೇ ಒರೆಸುತ್ತಿದ್ದರು. ಸೊಸೆ ಗೊಣಗಿದರೆ, "ದಿನಾ ನನ್ನ ಹೊರ್ತದ, ಅದೂ ಒಂದೀಟ ತಿನ್ಲಿ ಬಿಡು" ಎಂದು ನಗುವರು.

ಉದಗೀರದ ನಮ್ಮ ಓಣಿಗೆ ನಿಜಾಮನ ರಜಾಕಾರರ ಕಾಲದಲ್ಲಿ ಅಪಾಯದ ಸುದ್ದಿ ಮುಟ್ಟಿಸಲು ಆಯಿ ಒಂದು ದಾರಿ ಹಾಕಿದ್ದರು. ತಾವು ಎರಡು ಮನೆಗೆ ಹೇಳುವುದು, ಅವರು ತಲಾ ಎರಡು ಮನೆಗೆ, ಹೀಗೇ ಕೊನೆತನಕ. ಆಮೇಲೆ "ಮುಟ್ಟ್ಯಾದ" ಎಂಬ ಮಾತು ಬಂದ ದಾರಿಯಲ್ಲೇ ಮರಳಬೇಕು. ಪೊಲೀಸ್ ಕಾರ್ಯಾಚರಣೆಯಾಗಿ ಭಯ ಹೋಯಿತು, ದಾರಿ ಉಳಿಯಿತು. ಹಪ್ಪಳದ ಕರೆ, ತೊಟ್ಟಿಲ ಕರೆ ಅದರಲ್ಲೇ ಓಡಾಡಿದವು.

ನನ್ನ ಅಕ್ಕನ ಮದುವೆಯ ಬೆಳಿಗ್ಗೆ ಅಕಾಲ ಮಳೆಗೆ ಹಂದರ ಬಿತ್ತು. ಮದುವೆಯನ್ನು ಪೇಟೆಯ ಗೋದಾಮಿಗೆ ಬದಲಿಸಬೇಕಾಯಿತು. ನಿಲಂಗಾದ ಬೀಗರು ಬಂದಿಳಿದಿದ್ದರು, ಮುಹೂರ್ತಕ್ಕೆ ಒಂದೇ ತಾಸು. ಓಣಿಯ ಒಂದು ಮನೆಗೆ ಹೇಳುವುದು ತಪ್ಪಿದರೂ ಆ ಮನೆಯವರು ಜನ್ಮವಿಡೀ ನಮ್ಮ ಮನೆಯ ನೀರು ಮುಟ್ಟರು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರು.

"ಏಳಪ್ಪಾ, ಯಾಕ ಹಂಗ ಕುಂತಿ? ನಾ ಎರಡೇ ಮನಿಗಿ ಹೇಳ್ತೀನಿ," ಎಂದು ಆಯಿ ತಮ್ಮ ಹೊಸ್ತಿಲ ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆದರು. ಮೇಲೆ ತಮ್ಮ ಮನೆ, ಕೆಳಗೆ ಕವಲೊಡೆದು ಇಡೀ ಓಣಿ.

ಎಡಗಡೆಯಿಂದ ಬೇಗನೆ "ಮುಟ್ಟ್ಯಾದ್ರೀ ಆಯಿ" ಬಂತು. ಬಲಗಡೆಯಿಂದ ಸುದ್ದಿಯಿಲ್ಲ. ಆಯಿ ಓಣಿಯೆಲ್ಲ ಅಲೆಯಲಿಲ್ಲ, ಬಲದ ಗೆರೆ ಹಿಡಿದು ಇಳಿದರು. ಬೆನ್ನಿಗೆ ನಾನು. ಮೂರನೆಯ ಬಾಗಿಲಲ್ಲೇ ಗಂಟು ಸಿಕ್ಕಿತು. ಪಕ್ಕದ ಮನೆಯ ಆಡು ಶ್ಯಾವಿಗೆ ತಿಂದದ್ದಕ್ಕೆ ಈ ಮನೆಯ ಹೆಂಗಸು ಆ ಮನೆಯವಳ ಜೊತೆ ಮಾತು ಬಿಟ್ಟಿದ್ದಳು, ಸುದ್ದಿಯನ್ನೂ ದಾಟಿಸಿರಲಿಲ್ಲ.

"ಆಕಿ ಬಾಗಿಲಿಗಿ ನಾ ಹೋಗಂಗಿಲ್ರೀ!"

"ಜಗಳಾ ನಾಳಿ ಪೂರ್ತಿ ಮಾಡವಾ. ನಿನ್ನ ಸಿಟ್ಟಿಗಿ ಆಕಿ ಹಿಂದಿನ ಐದ ಮನಿ ಯಾಕ ಉಪಾಸ?" ಎಂದು ಆಯಿ ಆಕೆಯ ಕೈಹಿಡಿದು ಪಕ್ಕದ ಬಾಗಿಲಿಗೇ ಒಯ್ದರು. ಸ್ವಲ್ಪ ಹೊತ್ತಿಗೆ ಬಲಗಡೆಯ ಮಾತೂ ಮರಳಿತು.

"ಎರಡೂ ಕಡಿ ಬಂತು. ಇನ್ನ ನಡೀರಿ!"

ಇಡೀ ಓಣಿ ಅಕ್ಷತೆ ಹಾಕಿತು. ಜಗಳದ ಹೆಂಗಸರಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ಹೊಡೆದರು.

ಮುಂದೆ ನಾನು ಕಂಪ್ಯೂಟರ್ ಕಲಿಸುವ ಟೀಚರಾದೆ. ಮಾಹಿತಿಯನ್ನು ಕವಲಾಗಿ ಜೋಡಿಸುವ 'ಟ್ರೀ' ಬರೆದಾಗ, ಬೇರು ಮೇಲಿದೆಯೆಂದು ಮಕ್ಕಳು ನಗುತ್ತಿದ್ದರು. ನನಗದು ಎಂದೂ ವಿಚಿತ್ರವೆನಿಸಲಿಲ್ಲ. ಆ ಪಾಠ ನನಗೆ ಆಯಿಯ ಹೊಸ್ತಿಲಲ್ಲೇ ಆಗಿತ್ತು.

ನಾನಿನ್ನೂ ಹುಡುಗಿಯಾಗಿದ್ದಾಗಲೇ, ಮಹಾರಾಷ್ಟ್ರ ರಾಜ್ಯ ಆಗುವ ಹಿಂದಿನ ವರ್ಷ, ಆಯಿ ತೀರಿಹೋಗಿದ್ದರು. ಸುದ್ದಿ ಅದೇ ದಾರಿಯಲ್ಲಿ ಇಳಿಯಿತು. ಎಡಗಡೆಯ ಮಾತು ಮೊದಲೇ ಮರಳಿತ್ತು. ಬಲಗಡೆಯದನ್ನು ತಂದವರು ಆ ಜಗಳಗಂಟಿಯರೇ, ಇಬ್ಬರೂ ಜೊತೆಯಾಗಿ. ಯಾರಿಗೆ ಹೇಳುವುದೆಂದು ತಿಳಿಯದೆ, ಆಯಿಯ ಹೊಸ್ತಿಲಲ್ಲಿ ಕೂತಿದ್ದ ನನಗೇ ಹೇಳಿದರು: "ಮುಟ್ಟ್ಯಾದವಾ."

ನಾನು ಕಣ್ಣೊರೆಸಿಕೊಂಡು ಎದ್ದು, ಆಯಿಯನ್ನು ಹೊರಲು ನಿಂತವರಿಗೆ ಹೇಳಿದೆ: "ಎರಡೂ ಕಡಿ ಬಂತು. ಇನ್ನ ನಡೀರಿ."